ಬಸಿದ ನೀರು

ಜನವರಿ ೬, ಸೋಮವಾರ

ಎಡಗೈ ಮಷಿನ್ನಿಗೆ, ಬಲಗೈ ನನಗೆ. ಸೋಮವಾರ, ಗುರುವಾರ ಡಯಾಲಿಸಿಸ್, ನಾಲ್ಕು ತಾಸು ಹೀಗೇ ಮಲಗಿರಬೇಕು. ಪಕ್ಕದ ಹಾಸಿಗೆಯ ರೂಪ್ಲಪ್ಪ ಸನವಳ್ಳಿ ಕಡೆಯ ಲಂಬಾಣಿ ತಾಂಡಾದವನು. ಮಷಿನ್ ಹಚ್ಚಿದ ಕೂಡಲೇ ಮೊಬೈಲಿನಲ್ಲಿ ಹಾಡು ಹಾಕಿ ಗೊರಕೆ ಹೊಡೆಯುತ್ತಾನೆ. ನನಗೆ ಹಗಲು ನಿದ್ದೆ ಬರುವುದಿಲ್ಲ. ಮೂವತ್ತು ವರ್ಷ ಖಾನಾವಳಿಯ ಗಲ್ಲಾದ ಮೇಲೆ ಕೂತವಳಿಗೆ ಮಧ್ಯಾಹ್ನ ಎಂದರೆ ಊಟದ ಗದ್ದಲದ ಹೊತ್ತು. ಅದಕ್ಕೇ ಇವತ್ತು ಒಂದು ಹಳೆಯ ಡೈರಿ ತಂದಿದ್ದೇನೆ. ಯಾರೂ ಓದುವುದಿಲ್ಲ ಎಂಬ ಧೈರ್ಯವಿದೆ. ನಮ್ಮ ಮನೆಯಲ್ಲಿ ಕನ್ನಡಕ ಇಲ್ಲದೆ ಓದಬಲ್ಲವರು ಯಾರೂ ಇಲ್ಲ, ಕನ್ನಡಕ ಎಲ್ಲಿಟ್ಟಿದ್ದೇವೆಂದು ನೆನಪಿರುವವರೂ ಇಲ್ಲ.

ಇವತ್ತು ಹುಬ್ಬಳ್ಳಿಯ ದೊಡ್ಡ ಡಾಕ್ಟರು ಬಂದಿದ್ದರು. ತಿಂಗಳ ಮೊದಲ ಸೋಮವಾರ ನಮ್ಮ ತಾಲೂಕಾ ಆಸ್ಪತ್ರೆಗೆ ಬಂದು ಎಲ್ಲರ ರಿಪೋರ್ಟು ನೋಡುತ್ತಾರೆ. ನನ್ನದನ್ನು ಎರಡು ಸಲ ನೋಡಿದರು. ಪೊಟ್ಯಾಸಿಯಂ ಆರು ಪಾಯಿಂಟ್ ಮೂರು.

“ಇದು ಐದೂವರಿ ಒಳಗ ಬರಬೇಕ್ರಿ,” ಎಂದರು. “ಹಿಂಗಽ ಏರಿದ್ರ ಎದಿ ಬಡಿತಾನ ನಿಲ್ಲಸ್ತದ. ಎರಡ ತಿಂಗಳು ನೋಡ್ತೇನಿ. ಇಳೀಲಿಲ್ಲಂದ್ರ ಇಂಥಾ ಸಣ್ಣ ಸೆಂಟರಿನಾಗ ನಿಮ್ಮನ್ನ ಇಟ್ಟುಕೊಳ್ಳೂದು ಸರಿ ಅಲ್ಲ. ಹುಬ್ಬಳ್ಳಿಗೆ ಬಂದ ಇರಬೇಕಾಗ್ತದ, ವಾರಕ್ಕ ಮೂರು ಸಲ ಮಷಿನ್ನಿಗೆ.”

ಹುಬ್ಬಳ್ಳಿ ಎಂದರೆ ನನ್ನ ನಾದಿನಿಯ ಮನೆ, ಮೂರನೇ ಮಹಡಿ, ಕಿಟಕಿ ತೆರೆದರೆ ಎದುರಿನವರ ಗೋಡೆ. ನನಗೆ ಮುಂಡಗೋಡ ಬೇಕು. ಗಲ್ಲಾ ಬೇಕು, ಎದುರಿನ ಬಸ್ ಸ್ಟ್ಯಾಂಡ್ ಬೇಕು, ಶಿರಸಿ ಬಸ್ಸು ತಪ್ಪಿತೆಂದು ಕಂಡಕ್ಟರನನ್ನು ಬಯ್ಯುತ್ತಾ ಬಂದು ನಾಲ್ಕು ರೊಟ್ಟಿ ತಿಂದು ಸಮಾಧಾನವಾಗುವ ಜನ ಬೇಕು. ಕಿಡ್ನಿ ಕೆಟ್ಟಿದ್ದಕ್ಕೆ ನಾನು ಅಷ್ಟಾಗಿ ಅತ್ತವಳಲ್ಲ. ಇವತ್ತು ಕಣ್ಣು ಒದ್ದೆಯಾಯಿತು.

ಡಾಕ್ಟರ ಜೊತೆ ಬರುವ ಡಯಟ್ ಮೇಡಂ ಮೇಘಾ ಹಾಸಿಗೆಯ ಪಕ್ಕ ಕೂತು ಪಾಠ ಹೇಳಿದರು. ಎಳನೀರು, ಬಾಳೆಹಣ್ಣು ಬಿಟ್ಟೇಬಿಡಬೇಕು. ಕಾಯಿಪಲ್ಲೆ ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಹಾಕಿ, ಬೇರೆ ನೀರಿನಲ್ಲಿ ಕುದಿಸಿ, ಆ ನೀರು ಬಸಿದು ಚೆಲ್ಲಬೇಕು. ಬೇಳೆಗೂ ಹಾಗೇ. ಬೇಡವಾದ ಪೊಟ್ಯಾಸಿಯಂ ನೀರಿನಲ್ಲಿ ಹೋಗುತ್ತದಂತೆ, ಅದರ ಜೊತೆ ಬೇಕಾದ ವಿಟಮಿನ್ನೂ ಸ್ವಲ್ಪ ಹೋಗುತ್ತದಂತೆ. ವಿಟಮಿನ್ನಿಗೆ ಒಂದು ಗುಳಿಗೆ ಕೊಟ್ಟಿದ್ದಾರೆ, ಡಯಾಲಿಸಿಸ್ ಮುಗಿಸಿ ಬಂದ ಮೇಲೆ ನುಂಗಬೇಕು. ಮೊದಲೇ ನುಂಗಿದರೆ ಮಷಿನ್ನೇ ತೊಳೆದು ಹಾಕುತ್ತದೆ.

ಇದನ್ನೆಲ್ಲ ನಮ್ಮ ಮುದುಕಿಗೆ ಹೇಳಿ ಒಪ್ಪಿಸುವುದು ಹೇಗೆ ಎನ್ನುವುದೇ ಚಿಂತೆ.

ಜನವರಿ ೭, ಮಂಗಳವಾರ

ಮುದುಕಿ ಎಂದರೆ ನನ್ನ ಅತ್ತೆ ಕಾಶೆವ್ವ. ಖಾನಾವಳಿ ಅವರು ಕಟ್ಟಿದ್ದು, ಒಲೆ ಅವರದು. ಎಂಬತ್ತು ಹತ್ತಿರ ಬಂದರೂ ಸವುಟು ಬಿಟ್ಟುಕೊಟ್ಟಿಲ್ಲ. ನಾನು ಮದುವೆಯಾಗಿ ಬಂದ ವಾರವೇ ನನ್ನ ಸಾರಿಗೆ ಉಪ್ಪು ಸಾಲದು ಎಂದು ಗಿರಾಕಿಗಳ ಎದುರಿಗೇ ಹೇಳಿ ನನ್ನನ್ನು ಗಲ್ಲಾಕ್ಕೆ ಅಟ್ಟಿದವರು. ಈಗ ಅವರೇ ನನಗೆ ಉಪ್ಪಿಲ್ಲದ ಅಡುಗೆ ಮಾಡಬೇಕಾಗಿದೆ. ದೇವರು ಒಮ್ಮೊಮ್ಮೆ ಚೇಷ್ಟೆ ಮಾಡುತ್ತಾನೆ.

ಬೆಳಿಗ್ಗೆ ಒಲೆಯ ಮುಂದೆ ಕೂತು ಎಲ್ಲ ಹೇಳಿದೆ. ಎಲೆ ಅಡಿಕೆ ಜಗಿಯುತ್ತಾ ಕೇಳಿದರು.

“ಹಂಗಾರ ಸತ್ವ ಎಲ್ಲಾ ನೀರಿನಾಗ ಹೋತು. ನೀ ತಿನ್ನೂದು ಬರೇ ಸಿಪ್ಪಿ.”

“ಸತ್ವಕ್ಕ ಗುಳಿಗಿ ಕೊಟ್ಟಾರ್ರಿ ಅತ್ತಿ. ಬಿ, ಸಿ ಎಲ್ಲಾ ಅದರಾಗ ಐತಂತ.”

“ಮನ್ಯಾಗಿನ ಸತ್ವ ಗಟಾರಕ್ಕ ಚೆಲ್ಲೂದು, ಅಂಗಡಿಗೆ ಹೋಗಿ ರೊಕ್ಕಾ ಕೊಟ್ಟು ಸತ್ವ ತರೂದು. ಇದ್ಯಾ ಊರ ಶಾಣ್ಯಾತನ?”

ಡಾಕ್ಟರು ಹೇಳಿದ್ದಾರೆ, ಅಷ್ಟೇ ಎಂದೆ. ಅವರು ಮಾತು ನಿಲ್ಲಿಸಿ ಬದನೆಕಾಯಿ ಹೆಚ್ಚಲು ಕೂತರು. ಮಾತು ನಿಲ್ಲಿಸಿದರು ಎಂದರೆ ಒಪ್ಪಿದರು ಎಂದು ಅರ್ಥವಲ್ಲ, ಅದು ನನಗೆ ಗೊತ್ತಿರಬೇಕಿತ್ತು. ಆದರೆ ನಾನು ಹೇಳಿದ ಹಾಗೆಯೇ ನೆನೆಹಾಕಿದರು, ಕುದಿಸಿದರು, ಬಸಿದರು. ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದೆ.

ಒಂದು ಗುಳಿಗೆ ಮಾತ್ರ ಅವರಿಗೆ ಮನಸ್ಸಿಗೆ ಬಂದಿದೆ. ಊಟದ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿದು ಹಾಕುವ ಸುಣ್ಣದ ಗುಳಿಗೆ. “ಸುಣ್ಣಾ ಅಂದ್ರ ಚಲೋ,” ಎಂದು ತಮ್ಮ ಸುಣ್ಣದ ಡಬ್ಬಿ ತೋರಿಸಿದರು. ಊಟದ ನಡುವೆ ಜಗಿಯಬೇಕು ಎಂದರೆ ಒಪ್ಪಲಿಲ್ಲ. ಸುಣ್ಣ ಊಟವಾದ ಮೇಲೆ ಎನ್ನುವುದು ಅವರ ಶಾಸ್ತ್ರ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕುಂಬಳಕಾಯಿ ಪಲ್ಲೆ, ಶೇಂಗಾ ಹೋಳಿಗೆ. ಊರಿಗೆಲ್ಲ ಬಡಿಸಿದೆವು. ನನ್ನ ತಾಟಿನಲ್ಲಿ ಬಿಳಿ ಅನ್ನ, ಬಸಿದ ಹೀರೇಕಾಯಿ. ಕುಸುರೆಳ್ಳು ಕೊಡಲು ಬಂದವರ ಕೈಯಿಂದ ಒಂದೇ ಕಾಳು ತೆಗೆದುಕೊಂಡು ಬಾಯಲ್ಲಿ ಕರಗಿಸಿದೆ. ಒಂದು ಕಾಳನ್ನು ಅಷ್ಟು ಹೊತ್ತು ತಿನ್ನಬಹುದೆಂದು ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ಮುದುಕಿ ಒಂದು ಬಟ್ಟಲು ಸಾರು ತಂದಿಟ್ಟರು. ತಿಳಿ ಸಾರು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಉಪ್ಪು ಹಾಕಿಲ್ಲ, ಹುಣಸೆ ಹಾಕಿಲ್ಲ ಎಂದರು. ಕುಡಿದೆ. ಬಾಯಿಗೆ ರುಚಿ ಮರಳಿ ಬಂತು. ದಿನಕ್ಕೆ ಮುಕ್ಕಾಲು ಲೀಟರಿನ ಮೇಲೆ ನೀರು ಕುಡಿಯುವಂತಿಲ್ಲ, ಆ ಬಟ್ಟಲನ್ನು ಅದರಲ್ಲೇ ಹಿಡಿದೆ. ನೀರು ಬಿಟ್ಟೇನು, ಈ ಸಾರು ಬಿಡಲಾರೆ.

ಜನವರಿ ೧೬, ಗುರುವಾರ

ಇವರು ಔಷಧ ಅಂಗಡಿಯಿಂದ ದೊಡ್ಡ ಡಬ್ಬಿ ವಿಟಮಿನ್ ತಂದಿದ್ದರು, ಎ ಇಂದ ಕೊನೆಯತನಕ ಎಲ್ಲ ಇರುವಂಥದ್ದು. (ನಮ್ಮ ಮನೆಯವರ ಹೆಸರು ಈಶಪ್ಪ. ಬಾಯಲ್ಲಿ ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ.) ಮೇಘಾ ಮೇಡಂಗೆ ಫೋನು ಮಾಡಿದರೆ, ಬೇಡವೇ ಬೇಡ, ಎ ವಿಟಮಿನ್ ನಿಮ್ಮ ಮೈಯಿಂದ ಹೊರಗೆ ಹೋಗುವುದಿಲ್ಲ, ಒಳಗೇ ಕೂಡಿ ಕೂಡಿ ತೊಂದರೆ ಕೊಡುತ್ತದೆ ಎಂದರು. ಡಬ್ಬಿ ವಾಪಸು ಹೋಯಿತು. ಇವರ ಮುಖ ಸಣ್ಣದಾಯಿತು, ಪಾಪ.

ಜನವರಿ ೨೩, ಗುರುವಾರ

ಮಷಿನ್ನಿನ ಮೇಲೆ ಬರೆಯುತ್ತಿದ್ದೇನೆ. ಚೆನ್ನಾಗಿದ್ದೇನೆ ಎಂದೇ ಹೇಳಬೇಕು. ನಿನ್ನೆ ಸಂಜೆ ಗಲ್ಲಾದ ಮೇಲೆ ಕೂತಿದ್ದೆ. ಟಿಬೆಟಿಯನ್ ಕ್ಯಾಂಪಿನ ಲಾಮಾಗಳು ನಾಲ್ಕು ಜನ ಬಂದು ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ರೊಟ್ಟಿ ತಿಂದರು. ಅವರಲ್ಲಿ ಒಬ್ಬರು ವಯಸ್ಸಾದವರು, ನನ್ನ ಕೈಯ ಪಟ್ಟಿ ನೋಡಿ, “ಅಕ್ಕಾ, ಆರಾಮ?” ಎಂದರು. ಆರಾಮ ಎಂದೆ. ಹೇಳಿದ ಮೇಲೆ ನಿಜವಾಗಿಯೂ ಆರಾಮ ಅನ್ನಿಸಿತು.

ಮುದುಕಿಯ ಸಾರು ದಿನಾ ಬರುತ್ತಿದೆ. ಒಂದು ದಿನ ಹೀರೇಕಾಯಿಯ ವಾಸನೆ, ಒಂದು ದಿನ ಮೆಂತೆಯದು, ಒಂದು ದಿನ ಹೆಸರುಕಾಳಿನದು. ಉಪ್ಪಿಲ್ಲದೆ ಇಷ್ಟು ರುಚಿ ಹೇಗೆ ತರುತ್ತಾರೋ. ಕೇಳಿದರೆ, “ನೀ ಗಲ್ಲಾ ನೋಡ್ಕೋ,” ಎನ್ನುತ್ತಾರೆ. ಕೈಗುಣ ಇದೆ ಎಂದು ಒಪ್ಪಬೇಕು. ಎದುರಿಗೆ ಒಪ್ಪುವುದಿಲ್ಲ.

ನನ್ನ ಪಲ್ಲೆಯನ್ನು ಬಸಿಯುವುದರಲ್ಲಿ ಒಂದು ದಿನವೂ ತಪ್ಪಿಲ್ಲ. ಒಲೆಯ ಪಕ್ಕ ಒಂದು ಹಿತ್ತಾಳೆ ಬೋಗುಣಿ ಇಟ್ಟುಕೊಂಡಿದ್ದಾರೆ. ಬಸಿದ ನೀರು ಅದರೊಳಗೆ. ಹಿತ್ತಿಲ ನುಗ್ಗೆ ಗಿಡಕ್ಕೆ ಹಾಕುತ್ತಾರೇನೋ.

ಫೆಬ್ರವರಿ ೩, ಸೋಮವಾರ

ಆರು ಪಾಯಿಂಟ್ ಆರು.

ಇಳಿಯಬೇಕಾದದ್ದು ಏರಿದೆ. ಡಾಕ್ಟರು ಬಯ್ಯಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. “ಅಮ್ಮಾರ, ಕದ್ದು ಏನ ತಿಂತೀರಿ? ಖರೇ ಹೇಳ್ರಿ,” ಎಂದರು. ಏನೂ ಇಲ್ಲ ಎಂದೆ. ಮೇಘಾ ಮೇಡಂ ಕೇಳುತ್ತಾ ಹೋದರು. ಬಾಳೆಹಣ್ಣು? ಇಲ್ಲ. ಎಳನೀರು? ಇಲ್ಲ. ಬೆಲ್ಲ? ಇಲ್ಲ. ಉಪ್ಪಿನ ಬದಲು ಬರುವ ಉಪ್ಪು? ಅಂಥದ್ದೊಂದು ಇದೆಯೆಂದೇ ನನಗೆ ಗೊತ್ತಿಲ್ಲ. ಪಲ್ಲೆ ಬಸಿಯುತ್ತೀರಾ? ಬಸಿಯುತ್ತೇವೆ, ನಾನೇ ನೋಡಿದ್ದೇನೆ. ಊಟದ ಜೊತೆ ಏನು ಕುಡಿಯುತ್ತೀರಿ? ಉಪ್ಪಿಲ್ಲದ ತಿಳಿ ಸಾರು ಒಂದು ಬಟ್ಟಲು, ನೀರಿನ ಲೆಕ್ಕದಲ್ಲೇ ಎಂದೆ. ತಿಳಿ ಸಾರು ಎಂದರೆ ಅವರೇನು ತಿಳಿದುಕೊಂಡರೋ, ಸರಿ ಎಂದು ತಲೆಯಾಡಿಸಿದರು.

ಮುಂದಿನ ತಿಂಗಳ ರಿಪೋರ್ಟು ಕೊನೆಯದು. ಇವರು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ತಂಗಿಗೆ ಫೋನು ಮಾಡಿದರು, “ಒಂದು ಖೋಲಿ ಖಾಲಿ ಮಾಡಿಡು,” ಎಂದು. ನನಗೆ ಕೇಳಿಸಲಿ ಎಂದೇ ಜೋರಾಗಿ ಹೇಳಿದರು ಅನ್ನಿಸಿತು.

ಫೆಬ್ರವರಿ ೫, ಬುಧವಾರ

ಮನೆಯಲ್ಲಿ ಪೊಲೀಸ್ ವಿಚಾರಣೆ. ಇವರು ನನ್ನ ಹಾಸಿಗೆ ಕೆಳಗೆ, ಗಲ್ಲಾದ ಖಾನೆಯಲ್ಲಿ ಹುಡುಕಿದರು. ಮೂರು ವರ್ಷದ ಹಿಂದಿನ ಪೆಪ್ಪರಮೆಂಟ್ ಸಿಕ್ಕಿತು. ಆಮೇಲೆ ತಾಯಿಯ ಕಡೆ ತಿರುಗಿದರು.

“ಯವ್ವಾ, ನೀ ಏನರ ಉಪ್ಪ ಹಾಕಾಕತ್ತೀಯೇನ?”

“ಲಿಂಗದಾಣಿ. ಒಂದ ಹರಳ ಉಪ್ಪ ಹಾಕಿಲ್ಲ,” ಎಂದರು ಮುದುಕಿ. ಕೊರಳಿನ ಲಿಂಗದ ಕರಡಿಗೆ ಮುಟ್ಟಿ ಹೇಳಿದ ಮೇಲೆ ಇವರು ಸುಮ್ಮನಾದರು. ನನಗೂ ನಂಬಿಕೆ ಬಂತು. ಮುದುಕಿ ಜಗಳಗಂಟಿ, ಸುಳ್ಳುಗಾತಿ ಅಲ್ಲ.

ಮಧ್ಯಾಹ್ನ ಎರಡು ಬಟ್ಟಲು ಸಾರು ಬಂತು. “ಬಾಡಿ ಹೋಗೀದಿ. ನೀರ ಕಡಿಮಿ ಕುಡಿ, ಇದನ್ನ ಕುಡಿ,” ಎಂದರು. ಹುಬ್ಬಳ್ಳಿಗೆ ಹೋದರೆ ಈ ಸಾರು ಯಾರು ಮಾಡಿಕೊಡುತ್ತಾರೆ ಎಂದು ಯೋಚನೆ ಬಂತು. ಮುದುಕಿಯನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಅವರು ಇಲ್ಲದಿದ್ದರೆ ಒಲೆ ಹತ್ತುವುದಿಲ್ಲ.

ಫೆಬ್ರವರಿ ೯, ಭಾನುವಾರ

ಕಾಲು ಭಾರ. ಬರೆಯಲು ಮನಸ್ಸಿಲ್ಲ.

ಫೆಬ್ರವರಿ ೧೩, ಗುರುವಾರ

ಮಷಿನ್ನು ನಡೆಸುವ ಕಿರಣಕುಮಾರ ನನ್ನನ್ನು ನೋಡಿದ ಕೂಡಲೇ ಎದೆಗೆ ವೈರು ಹಚ್ಚಿ ಇಸಿಜಿ ತೆಗೆದ. ಚೀಟಿ ನೋಡಿ ಡಾಕ್ಟರಿಗೆ ಫೋನು ಮಾಡಿದ. ಬೇಗ ಮಷಿನ್ ಹಚ್ಚಿದರು. ಒಂದು ತಾಸಿನಲ್ಲಿ ಕಾಲು ಹಗುರಾಯಿತು.

ರೂಪ್ಲಪ್ಪನ ಹೆಂಡತಿ ಮೋತಿಬಾಯಿ ಅವನ ಕಾಲ ಹತ್ತಿರ ಕೂತಿದ್ದಳು. ನನ್ನ ಜೊತೆ ಮಾತಿಗಿಳಿದಳು.

“ಅಕ್ಕಾರ, ನಿಮ್ಮ ಮನ್ಯಾಗ ಎಮ್ಮಿ ಐತೇನ್ರಿ?”

“ಇಲ್ಲ.”

“ಮತ್ತ ಪಲ್ಲೇದ ಬಸಿದ ನೀರ ಏನ ಮಾಡ್ತೀರಿ? ನನಗಂತೂ ಚೆಲ್ಲಾಕ ಕೈ ಬರವಲ್ದು. ಎಮ್ಮಿಗೆ ಕುಡಸ್ತೇನಿ. ಎಮ್ಮಿ ಹೆಂಗ ಮಿಂಚಾಕತ್ತೇತಿ, ಬಂದ ನೋಡ್ರಿ.”

ರೂಪ್ಲಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ, “ನನಗ ಸಿಪ್ಪಿ, ಎಮ್ಮಿಗೆ ಸಾರು. ಈ ಮನ್ಯಾಗ ಎಮ್ಮಿಗಿರೋ ಮರ್ಯಾದಿ ನನಗಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಅರ್ಧಕ್ಕೇ ನಿಂತಿತು. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ. ಬೋಗುಣಿ ಇರುವುದು ಒಲೆಯ ಪಕ್ಕ, ನುಗ್ಗೆ ಗಿಡದ ಹತ್ತಿರ ಅಲ್ಲ. ಹೀರೇಕಾಯಿ ಬಸಿದ ದಿನ ಸಾರಿಗೆ ಹೀರೇಕಾಯಿಯ ವಾಸನೆ, ಮೆಂತೆ ಬಸಿದ ದಿನ ಮೆಂತೆಯದು. ಹೋಳಿಗೆ ಮಾಡಿದ ದಿನ ಬೇಳೆ ಬಸಿದ ಕಟ್ಟಿನಿಂದ ಸಾರು ಮಾಡುವುದು ಯಾರಿಗೆ ಗೊತ್ತಿಲ್ಲ? ಮೂವತ್ತು ವರ್ಷದಿಂದ ನಾನು ಅದನ್ನೇ ಈ ಊರಿಗೆ ಬಡಿಸುತ್ತಾ ಬಂದಿದ್ದೇನೆ. ಖಾನಾವಳಿಯವಳಾಗಿ ನನಗೆ ಹೊಳೆಯಲಿಲ್ಲ.

ಸಾಯುವ ಮೊದಲೇ ತಿಳಿಯಿತಲ್ಲ ಎಂದು ಸಮಾಧಾನ. ಮುದುಕಿಗೆ ಹೇಗೆ ಹೇಳುವುದು ಎಂದು ಸಂಕಟ. ಎರಡೂ ಒಟ್ಟಿಗೇ ಇವೆ.

ಫೆಬ್ರವರಿ ೧೪, ಶುಕ್ರವಾರ

ಹೇಳಿದೆ. ಹೇಳಬಾರದ ರೀತಿಯಲ್ಲಿ ಹೇಳಿದೆ ಅನ್ನಿಸುತ್ತದೆ.

ಗಿರಾಕಿಗಳು ಹೋದ ಮೇಲೆ ಒಳಗೆ ಹೋಗಿ, ಬೋಗುಣಿ ತೋರಿಸಿ, ಇದೇನು ಮಾಡುತ್ತೀರಿ ಎಂದು ಕೇಳಿದೆ.

“ನಿನ್ನ ಸಾರು,” ಎಂದರು. ಮುಚ್ಚಿಡಲಿಲ್ಲ. “ಈ ಖಾನಾವಳಿ ಸುರು ಆದಾಗಿಂದ ಒಂದ ಹನಿ ಕಟ್ಟು ಗಟಾರಕ್ಕ ಹೋಗಿಲ್ಲ. ನಿನ್ನ ಪಲ್ಲೇದ ಸತ್ವ ಗಿರಾಕಿಗೆ ಯಾಕ ಹೋಗ್ಬೇಕು? ನಿನಗಽ ಸೇರ್ಲಿ ಅಂತ ಬ್ಯಾರೆ ಇಟ್ಟೆ. ಗುಳಿಗಿ ನಂಬಿ ಕುಂತ್ರ ಆಗ್ತೈತೇನ?”

“ಅತ್ತಿ, ಡಾಕ್ಟರ್ ಬ್ಯಾಡ ಅಂದಿದ್ದು ಆ ನೀರಾಗಿಂದ್ರಿ. ನನ್ನ ಎದಿಗೆ ಬಡಿಯೂದು ಅದಽ.”

ಅವರ ಕೈಯಲ್ಲಿ ಸವುಟಿತ್ತು. ಅದನ್ನು ತೊಳೆದು ಮೊಳೆಗೆ ಸಿಗಿಸಿದರು.

“ಅಂದ್ರ ನಿನಗ ದಿನಾ ವಿಷಾ ಹಾಕಿದಾಕಿ ನಾನು.”

ಅಲ್ಲ ಎನ್ನಬೇಕಿತ್ತು. ಅಷ್ಟರಲ್ಲಿ ಇವರು ಬಂದರು, ವಿಷಯ ತಿಳಿದು ಕೂಗಾಡಿದರು. “ಚೆಲ್ಲು ಅಂದ್ರ ಚೆಲ್ಲಾಕ ಏನ ಆಗಿತ್ತಬೇ ನಿನಗ?” ಎಂದು ತಾಯಿಗೆ ಅಂದರು. ನನಗೆ ಸಿಟ್ಟು ಬಂದದ್ದು ಇವರ ಮೇಲೆ. ಈ ವಯಸ್ಸಿನಲ್ಲಿ ನನ್ನೊಬ್ಬಳ ಸಲುವಾಗಿ ಬೇರೆ ಒಲೆ ಹೂಡಿದವರಿಗೆ ದನಿ ಏರಿಸಬೇಡಿ ಎಂದೆ. ಇವರು ನನ್ನನ್ನು ನೋಡಿದ ನೋಟ ವಿಚಿತ್ರವಾಗಿತ್ತು. ಅದರಲ್ಲೇನಿದೆಯೋ ನೋಡಲು.

ಫೆಬ್ರವರಿ ೧೭, ಸೋಮವಾರ

ಅತ್ತೆ ಅಡುಗೆಮನೆಗೆ ಕಾಲಿಟ್ಟಿಲ್ಲ. ಹೊರಗಿನ ಕಟ್ಟೆಯ ಮೇಲೆ ಬಸ್ಸು ನೋಡುತ್ತಾ ಕೂತಿರುತ್ತಾರೆ. ಎಲೆ ಅಡಿಕೆಯೂ ಇಲ್ಲ. ಊಟಕ್ಕೆ ಕರೆದರೆ ಬರುತ್ತಾರೆ, ತಾಟಿನಲ್ಲಿ ಹಾಕಿದ್ದನ್ನು ತಿನ್ನುತ್ತಾರೆ, ಉಪ್ಪಿನ ಬಗ್ಗೆ ಒಂದು ಮಾತಿಲ್ಲ. ಅದನ್ನು ನೋಡಲಾಗುವುದಿಲ್ಲ.

ರೊಟ್ಟಿ ಬಡಿಯುವ ಗೋದುಬಾಯಿ ಪಲ್ಲೆಯನ್ನೂ ಮಾಡುತ್ತಿದ್ದಾಳೆ. ಲಾಮಾಗಳು ಅರ್ಧ ಬಿಟ್ಟು ಎದ್ದರು. ಆ ವಯಸ್ಸಾದವರು, “ಅಮ್ಮಾ ಇಲ್ಲ?” ಎಂದು ಕೇಳಿದರು. ಕಟ್ಟೆ ತೋರಿಸಿದೆ. ಹೋಗಿ ಕೈ ಮುಗಿದರು. ಅತ್ತೆಯೂ ಕೈ ಮುಗಿದರು.

ನನ್ನ ಪಲ್ಲೆ ನಾನೇ ಬಸಿದು ಚೆಲ್ಲುತ್ತಿದ್ದೇನೆ. ಸಾರಿಲ್ಲ. ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಪೊಟ್ಯಾಸಿಯಂ ಇಳಿಯುತ್ತಿರಬಹುದು, ಸಂತೋಷವಿಲ್ಲ. ಗುರುವಾರ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಇವರಿಗೆ ಗಲ್ಲಾ ಬಿಟ್ಟು ಬರಲು ಆಗುವುದಿಲ್ಲ ಎಂದು ನೆಪ ಹೇಳಿದರಾಯಿತು.

ಫೆಬ್ರವರಿ ೨೦, ಗುರುವಾರ

ಬಂದರು. ಹಸಿರು ಇಳಕಲ್ ಸೀರೆ ಉಟ್ಟು, ಮದುವೆಗೆ ಹೊರಟವರಂತೆ. ನಾನು ಮಷಿನ್ನಿನ ಮೇಲಿರುವುದನ್ನು ಅವರು ಇಲ್ಲಿಯತನಕ ನೋಡಿರಲಿಲ್ಲ. ಸೂಜಿ ಚುಚ್ಚುವಾಗ ಮುಖ ತಿರುಗಿಸಲಿಲ್ಲ. ರಕ್ತ ಕೊಳವೆಯಲ್ಲಿ ಓಡಿದ್ದನ್ನು ಬಗ್ಗಿ ನೋಡಿದರು. ಮೋತಿಬಾಯಿ ಸ್ಟೂಲು ಬಿಟ್ಟುಕೊಟ್ಟಳು. ಅದರ ಮೇಲೆ ಕೂತು, ನನ್ನ ಕಾಲಿನ ಮೇಲೆ ಕೈಯಿಟ್ಟರು. ಆಮೇಲೆ ಮಷಿನ್ನಿನ ಹಿಂದಿನ ಪೈಪು ಕಂಡಿತು. ಅದು ನೆಲದ ಮೂಲೆಯ ಮೋರಿಗೆ ಹೋಗುತ್ತದೆ.

“ಇದರಾಗ ಏನ ಹೊಂಟೈತಿ, ತಮ್ಮಾ?” ಎಂದು ಕಿರಣಕುಮಾರನನ್ನು ಕೇಳಿದರು.

“ರಕ್ತದಾಗಿಂದ ತಗದ ನೀರಬೇ ಅಜ್ಜಿ. ಪೊಟ್ಯಾಸಿಯಂ, ಬ್ಯಾಡಾದ್ದೆಲ್ಲಾ ಇದರಾಗ ಹೋಗ್ತೈತಿ.”

“ಬೇಕಾದ್ದು?”

“ಅದೂ ಸ್ವಲ್ಪ ಹೋಗ್ತೈತಿ. ಬಿ, ಸಿ ವಿಟಮಿನ್ನು. ಮಷಿನ್ನಿಗೆ ಆರಸಾಕ ಬರೂದಿಲ್ಲ. ಅದಕ್ಕಽ ಮನಿಗೆ ಹೋದಮ್ಯಾಲೆ ಗುಳಿಗಿ ತಗೋರಿ ಅಂತೇವಿ.”

ಅತ್ತೆ ಪೈಪನ್ನೇ ನೋಡಿದರು.

“ಹಂಗಾರ ಇದೂ ಬಸಿಯೂದಽ.”

“ಹೌದಬೇ. ಬಸಿಯೂದಽ.”

“ಬಸಿದು ಚೆಲ್ಲತೀರಿ.”

“ಚೆಲ್ಲತೇವಿ.”

“ಯಾರೂ ಸಾರು ಮಾಡೂದಿಲ್ಲ.”

ರೂಪ್ಲಪ್ಪ ನಕ್ಕ ನಗೆಗೆ ಅವನ ಮಷಿನ್ನು ಕೂಗಿಕೊಂಡಿತು. ಕಿರಣಕುಮಾರ ಓಡಿದ. ಅತ್ತೆ ನಗಲಿಲ್ಲ. ನನ್ನ ಕಡೆ ತಿರುಗಿ, “ಇದನ್ನ ಮೊದಲಽ ತೋರಿಸಿದ್ರ ತಿಳೀತಿತ್ತು,” ಎಂದರು. ಅದೂ ನಿಜ. ಡಾಕ್ಟರು ಹೇಳಿದ್ದಾರೆ ಎಂದು ಅವರ ಬಾಯಿ ಮುಚ್ಚಿಸಿದೆನೇ ಹೊರತು ತಿಳಿಸಿ ಹೇಳಿರಲಿಲ್ಲ.

“ಅತ್ತಿ, ನೀವು ವಿಷಾ ಹಾಕಿಲ್ರಿ,” ಎಂದೆ. ಒಂದು ವಾರ ತಡವಾಗಿ.

“ಗೊತ್ತೈತಿ ಸುಮ್ನ ಮಲ್ಕೋ,” ಎಂದರು. ಕಾಲಿನ ಮೇಲಿನ ಕೈ ತೆಗೆಯಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು ಸೀದಾ ಒಳಗೆ ಹೋದರು. ಮೊಳೆಯಿಂದ ಸವುಟು ತೆಗೆದ ಸದ್ದು ಗಲ್ಲಾದತನಕ ಕೇಳಿಸಿತು. ಗೋದುಬಾಯಿಯ ಬದನೆಕಾಯಿಗೆ ಬೈಗುಳ ಶುರುವಾಯಿತು. ಅಬ್ಬಾ ಅನ್ನಿಸಿತು. ವಿಟಮಿನ್ ಗುಳಿಗೆಯನ್ನು ಅವರೇ ತಂದು ಕೈಯಲ್ಲಿಟ್ಟು, ನುಂಗುವತನಕ ಎದುರಿಗೆ ನಿಂತಿದ್ದರು.

ಫೆಬ್ರವರಿ ೨೨, ಶನಿವಾರ

ಹೊಸ ಸಾರು. ಬರಿ ನೀರಿಗೆ ಒಂದೆರಡು ಮೆಣಸು, ಹುರಿದ ಜೀರಿಗೆ, ಬೆಳ್ಳುಳ್ಳಿ, ನಾಲ್ಕು ಹನಿ ನಿಂಬೆ. ಮೋತಿಬಾಯಿಯನ್ನು ಕೇಳಿ, ನನ್ನಿಂದ ಮೇಘಾ ಮೇಡಂಗೆ ಫೋನು ಮಾಡಿಸಿ, ಒಂದೊಂದು ಸಾಮಾನಿಗೂ ಒಪ್ಪಿಗೆ ತೆಗೆದುಕೊಂಡ ಮೇಲೆ ಒಲೆಗಿಟ್ಟರು.

“ಹೆಂಗೈತಿ?”

ಸುಳ್ಳು ಹೇಳಿದರೆ ಅವರಿಗೆ ತಿಳಿಯುತ್ತದೆ. ಮೊದಲಿನಷ್ಟು ಚಲೋ ಇಲ್ಲ ಎಂದೆ.

“ಹೆಂಗ ಆಗ್ತೈತಿ? ಅದರಾಗ ಏನೂ ಇಲ್ಲ,” ಎಂದರು. ಅದನ್ನು ಅವರು ಹೆಮ್ಮೆಯಿಂದ ಹೇಳಿದರು.

ಫೆಬ್ರವರಿ ೨೬, ಬುಧವಾರ

ಶಿವರಾತ್ರಿ. ಮನೆಯಲ್ಲಿ ಖರ್ಜೂರ, ಬಾಳೆಹಣ್ಣು, ಕುದಿಸಿದ ಗೆಣಸು. ಎಲ್ಲವೂ ನನಗೆ ಆಗದ್ದೇ. ಅತ್ತೆ ಅವನ್ನು ಅಟ್ಟದ ಮೇಲೆ ಇಟ್ಟಿದ್ದಾರೆ, ನಾನು ಸಣ್ಣ ಹುಡುಗಿ ಎನ್ನುವ ಹಾಗೆ. ನಾನೂ ಉಪವಾಸ ಮಾಡುತ್ತೇನೆ ಎಂದರೆ ಕೇಳಲಿಲ್ಲ. “ನಿನ್ನ ಉಪಾಸ ವರ್ಷಾನಗಟ್ಲೆ ನಡದೈತಿ. ಶಿವಗ ಅಷ್ಟ ಸಾಕು. ಅನ್ನ ಉಣ್ಣು,” ಎಂದು ಮುಂದೆ ಕೂತು ಉಣ್ಣಿಸಿದರು. ನಡುವೆ ಸುಣ್ಣದ ಗುಳಿಗೆಯನ್ನು ತಾವೇ ಬಿಡಿಸಿ ಕೊಟ್ಟರು. ಈಗ ಸುಣ್ಣ ಊಟದ ನಡುವೆ ಎಂದು ಗೋದುಬಾಯಿಗೂ ಉಪದೇಶ ಆಗಿದೆ.

ಮಾರ್ಚ್ ೩, ಸೋಮವಾರ

ಐದು ಪಾಯಿಂಟ್ ಒಂದು.

ಎರಡನೇ ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಡಾಕ್ಟರು, “ಏನ ಬಿಟ್ರಿ?” ಎಂದರು. ಸಾರು ಎಂದೆ. ಕಥೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಮೇಘಾ ಮೇಡಂ ಇನ್ನು ಮುಂದೆ ಎಲ್ಲರನ್ನೂ ‘ಬಸಿದ ನೀರು ಎಲ್ಲಿಗೆ ಹೋಗುತ್ತದೆ’ ಎಂದು ಕೇಳುತ್ತಾರಂತೆ. ಹುಬ್ಬಳ್ಳಿ ಬೇಡ. ಇಲ್ಲೇ ಇರಬಹುದು. ಇವರು ತಂಗಿಗೆ ಫೋನು ಮಾಡಿ ಖೋಲಿ ಬೇಡ ಎಂದರು, ಈ ಸಲವೂ ಜೋರಾಗಿಯೇ. ನನಗೆ ಹಾರಿ ಕುಣಿಯಬೇಕು ಅನ್ನಿಸಿತು, ಕೈಯಲ್ಲಿ ಸೂಜಿ ಇತ್ತು.

ಅತ್ತೆ ಒಂದು ಪ್ರಶ್ನೆ ಕೇಳಿಕೊಂಡು ಬಾ ಎಂದು ಕಳಿಸಿದ್ದರು. ನನ್ನ ಪಲ್ಲೆ ಬಸಿದ ನೀರನ್ನು ಖಾನಾವಳಿಯ ಸಾರಿಗೆ ಹಾಕಬಹುದೇ? ಚೆಲ್ಲಲು ಅವರಿಗೆ ಇನ್ನೂ ಕೈ ಬರುವುದಿಲ್ಲ. ಕಿಡ್ನಿ ನೆಟ್ಟಗಿದ್ದವರಿಗೆ ಅದು ಒಳ್ಳೆಯದೇ ಎಂದರು ಮೇಡಂ. ಮನೆಗೆ ಬಂದು ಹಾಗೇ ಹೇಳಿದೆ.

“ಕಿಡ್ನಿ ನೆಟ್ಟಗಿದ್ದವರಿಗೆ,” ಎಂದು ಅತ್ತೆ ತಮ್ಮಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡರು.

ಮಾರ್ಚ್ ೭, ಶುಕ್ರವಾರ

ಗಲ್ಲಾದ ಮೇಲೆ ಕೂತು ಬರೆಯುತ್ತಿದ್ದೇನೆ. ಗಿರಾಕಿಗಳು ಎದ್ದುಹೋಗಿದ್ದಾರೆ. ಇವತ್ತಿನದನ್ನು ಇವತ್ತೇ ಬರೆಯಬೇಕು.

ಮಧ್ಯಾಹ್ನ ಅತ್ತೆ ಸಾರಿನ ಪಾತ್ರೆ ಹಿಡಿದು ತಾವೇ ಬಡಿಸಲು ಬಂದರು. ಎಷ್ಟೋ ವರ್ಷಗಳಿಂದ ಬಡಿಸಲು ಹೊರಗೆ ಬಂದವರಲ್ಲ. ಮೊದಲ ಪಂಕ್ತಿಯಲ್ಲಿ ದಾಂಡೇಲಿಯಿಂದ ಬಂದ ಲಾರಿ ಡ್ರೈವರ್ ಕೂತಿದ್ದ. ಸವುಟು ಎತ್ತಿ, ಹಾಕದೆ ನಿಂತರು.

“ಕಿಡ್ನಿ ನೆಟ್ಟಗದಾವಿಲ್ಲೋ ತಮ್ಮಾ?”

ಅವನು ತುತ್ತು ಹಾಗೇ ಹಿಡಿದು ನನ್ನ ಕಡೆ ನೋಡಿದ. “ಯಾರಿಗ ಗೊತ್ತಬೇ ಆಯಿ. ಯಾವತ್ತೂ ನೋಡಸಿಲ್ಲ.”

“ನೋಡಸ್ಕೊಂಡ ಬಾ. ಸಾರು ಎಲ್ಲೂ ಹೋಗೂದಿಲ್ಲ,” ಎಂದು ಅವನಿಗೆ ಮಜ್ಜಿಗೆ ಹಾಕಿಸಿ ಮುಂದೆ ಹೋದರು. ಬ್ಯಾಂಕಿನ ಗುಮಾಸ್ತನ ಹತ್ತಿರ ಅದೇ ಪ್ರಶ್ನೆ. ಅವನು ಹೋದ ತಿಂಗಳು ಪರೀಕ್ಷೆ ಮಾಡಿಸಿದ್ದನಂತೆ, ಎರಡು ಸವುಟು ಸಿಕ್ಕಿತು. ಲಾಮಾಗಳಿಗೆ ಪ್ರಶ್ನೆ ತಿಳಿಯಲಿಲ್ಲ. ಆ ವಯಸ್ಸಾದವರು ನಗುತ್ತಾ ಬಟ್ಟಲು ಚಾಚಿದರು. ಅತ್ತೆ ತಮ್ಮ ಬೆನ್ನಿನ ಎರಡೂ ಕಡೆ ಮುಟ್ಟಿ ತೋರಿಸಿ, “ಕಿಡ್ನಿ, ಕಿಡ್ನಿ,” ಎಂದರು. ಅವರು ಗಂಭೀರವಾಗಿ ತಮ್ಮ ಬೆನ್ನು ಮುಟ್ಟಿಕೊಂಡು, “ಚಲೋ ಐತಿ ಅಮ್ಮಾ,” ಎಂದ ಮೇಲೆಯೇ ಸಾರು ಬಿದ್ದದ್ದು.

ಖಾನಾವಳಿ ತುಂಬ ನಗು. ಇವರು ನನ್ನ ಹತ್ತಿರ ಬಂದು, “ಗಿರಾಕಿ ಓಡಿ ಹೋಗ್ತಾರ, ಅವ್ವಗ ಹೇಳು,” ಎಂದರು. ನಾನು ಹೇಳಲಿಲ್ಲ. ನಗಲೂ ಇಲ್ಲ. ಯಾರ ಬಟ್ಟಲಿಗೆ ಏನು ಹೋಗುತ್ತದೆ ಎಂದು ಕೇಳದೆ ಇನ್ನು ಅವರು ಸವುಟು ಬಗ್ಗಿಸಲಾರರು. ಕೇಳಿಕೊಳ್ಳಲಿ. ಓಡಿಹೋಗುವ ಗಿರಾಕಿ ಹೋಗಲಿ.

ಎಲ್ಲರದೂ ಮುಗಿದ ಮೇಲೆ ನನ್ನ ಬಟ್ಟಲು ತಂದು ಗಲ್ಲಾದ ಮೇಲಿಟ್ಟರು. ಬರಿ ನೀರಿನ ಸಾರು. ಇನ್ನೊಂದು ಬಟ್ಟಲಿನಲ್ಲಿ ತಮಗೂ ಅದನ್ನೇ ಹಾಕಿಕೊಂಡು ಬಂದು ಪಕ್ಕದ ಬೆಂಚಿನ ಮೇಲೆ ಕೂತರು.

“ನೀವ್ಯಾಕ್ರಿ ಅತ್ತಿ ಈ ಸಪ್ಪಂದು ಕುಡೀತೀರಿ? ಆ ಸಾರ ಐತಲ್ರಿ,” ಎಂದೆ.

“ನಾನೂ ನೋಡಸಿಲ್ಲ,” ಎಂದರು.

“ಸೋಮವಾರ ನನ್ನ ಕೂಡ ಬರ್ರಿ. ನೋಡಸೂಣು.”

“ಏನ ಅವಸರ ಐತಿ,” ಎಂದು ಇನ್ನೊಂದು ಗುಟುಕು ಕುಡಿದರು.